ದನಿಗೆ ದಾರಿ ತೋರುವ ಸಾಲು

ದೇವಾಲಯದ ನವರಂಗದಲ್ಲಿ ಕಂಬದ ಮರೆಗೆ ನಿಂತು ಒಬ್ಬರು ಮಾತನಾಡಿದರೆ ಈಚೆಗಿರುವ ನಮಗೆ ಅವರ ಮುಖ ಕಾಣಿಸುವುದಿಲ್ಲ. ಮಾತು ಮಾತ್ರ ಕೇಳಿಸುತ್ತದೆ. ಬೆಳಕನ್ನು ತಡೆದ ಕಂಬ ದನಿಯನ್ನು ತಡೆಯಲಾರದು. ನಿತ್ಯದ ಅನುಭವವಾದ್ದರಿಂದ ಇದೇಕೆ ಹೀಗೆ ಎಂದು ನಾವು ಕೇಳುವುದಿಲ್ಲ. ಕೇಳಿದವರಿಗೆ ಸಿಗುವ ಉತ್ತರ ಬಹಳ ದೂರ ಕರೆದೊಯ್ಯುತ್ತದೆ: ಕಲ್ಯಾಣಿಯ ಮೆಟ್ಟಿಲುಗಳಿಂದ ಹೊರಟು, ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರು ನಡೆಸಿದ ಒಂದು ಸಂಶೋಧನೆಯನ್ನು ಹಾದು, ವೈಟ್‌ಫೀಲ್ಡಿನಲ್ಲಿ ತಯಾರಾಗುವ ಸ್ಕ್ಯಾನಿಂಗ್ ಯಂತ್ರದವರೆಗೆ. ಸಮಾನ ಅಂತರದಲ್ಲಿ ಸಾಲಾಗಿ ನಿಂತ ವಸ್ತುಗಳು ಶಬ್ದವನ್ನು ಹೇಗೆ ಚದರಿಸುತ್ತವೆ, ಹೇಗೆ ಒಂದು ಬಿಂದುವಿನಲ್ಲಿ ಕೂಡಿಸುತ್ತವೆ ಎಂಬುದು ಈ ಹೊತ್ತಿನ ವಿಷಯ.

ಶಬ್ದವೆಂದರೆ ಗಾಳಿ, ನೀರು, ಮಾಂಸಖಂಡ, ಲೋಹ ಮೊದಲಾದ ಯಾವುದಾದರೊಂದು ಮಾಧ್ಯಮದಲ್ಲಿ ಸಾಗುವ ಒತ್ತಡದ ಅಲೆ. ಒಂದು ಅಲೆಯ ಉಬ್ಬಿಗೂ ಮುಂದಿನ ಅಲೆಯ ಉಬ್ಬಿಗೂ ಇರುವ ಅಂತರವೇ ತರಂಗದೂರ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಆದ್ದರಿಂದ ಸೆಕೆಂಡಿಗೆ 340 ಸಲ ಕಂಪಿಸುವ ದನಿಯ ತರಂಗದೂರ ಒಂದು ಮೀಟರಾಗುತ್ತದೆ. ಅಷ್ಟು ನೀಳವಾದ ಅಲೆಗೆ ಒಂದಡಿ ದಪ್ಪದ ಕಂಬ ಲೆಕ್ಕಕ್ಕಿಲ್ಲ; ಹೊಳೆಯ ನೀರು ನೆಟ್ಟ ಗಳುವನ್ನು ಬಳಸಿ ಹೋಗುವಂತೆ ಅದು ಕಂಬವನ್ನು ಬಳಸಿ ಮುಂದಕ್ಕೆ ಹೋಗುತ್ತದೆ. ಕಂಪನ ಹೆಚ್ಚಿದಂತೆ ಅಲೆ ಗಿಡ್ಡವಾಗುತ್ತದೆ. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದರೆ ಅದು ಮನುಷ್ಯನ ಕಿವಿಗೆ ನಿಲುಕದು. ಅದನ್ನೇ ಶ್ರವಣಾತೀತ ಶಬ್ದ ಎನ್ನುತ್ತೇವೆ. ವೈದ್ಯರು ಬಳಸುವ ಶಬ್ದದ ಕಂಪನಗಳನ್ನು ಲಕ್ಷ, ಕೋಟಿಗಳಲ್ಲಿ ಎಣಿಸಬೇಕು. ದೇಹದ ಮೃದು ಭಾಗಗಳಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರು ಸಾಗುತ್ತದೆ. ಸೆಕೆಂಡಿಗೆ 35 ಲಕ್ಷ ಕಂಪನಗಳ ಶಬ್ದಕ್ಕೆ, ಅಂದರೆ 3.5 ಮೆಗಾಹರ್ಟ್ಸ್ ಶಬ್ದಕ್ಕೆ, ಅಲ್ಲಿ ತರಂಗದೂರ 0.44 ಮಿಲಿಮೀಟರು. ರಾಗಿ ಕಾಳಿಗಿಂತಲೂ ಚಿಕ್ಕ ಅಲೆ ಅದು. ಇಂಥ ಅಲೆಗೆ ಸಣ್ಣ ಗಂಟೂ ಒಂದು ಬಂಡೆ. ತೆಳುವಾದ ಪೊರೆಯೂ ಒಂದು ಗೋಡೆ.

ಅಲೆಯ ಅಳತೆಗೂ ತಡೆಯ ಅಳತೆಗೂ ಇರುವ ಸಂಬಂಧ ಇದಾಯಿತು. ತಡೆಗಳು ಹಲವಾಗಿ, ಅವು ಸಮಾನ ಅಂತರದಲ್ಲಿ ನಿಂತರೆ ಮತ್ತೊಂದು ಸಂಗತಿ ಒದಗುತ್ತದೆ. ಎದುರಿಗೆ ಉದ್ದಕ್ಕೂ ಏರಿಹೋಗುವ ಕಲ್ಲಿನ ಮೆಟ್ಟಿಲುಸಾಲೊಂದು ಇದೆ ಎಂದಿಟ್ಟುಕೊಳ್ಳೋಣ. ನಮ್ಮ ನಾಡಿನ ಕಲ್ಯಾಣಿಗಳಲ್ಲಿ ಇಂಥ ಸಾಲುಗಳಿಗೆ ಬರವಿಲ್ಲ. ಅದರ ಮುಂದೆ ನಿಂತು ಒಮ್ಮೆ ಕೈತಟ್ಟಿದರೆ ಪ್ರತಿಯೊಂದು ಮೆಟ್ಟಿಲೂ ಆ ಸದ್ದಿನ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಮೊದಲ ಮೆಟ್ಟಿಲಿನದು ಮೊದಲು, ಎರಡನೆಯದರದು ಕೊಂಚ ತಡವಾಗಿ, ಮೂರನೆಯದರದು ಇನ್ನೂ ಅಷ್ಟೇ ತಡವಾಗಿ. ಮೆಟ್ಟಿಲಿನ ಅಗಲ 30 ಸೆಂಟಿಮೀಟರಾದರೆ ಒಂದೊಂದು ಮರುದನಿಯೂ ಹಿಂದಿನದಕ್ಕಿಂತ 60 ಸೆಂಟಿಮೀಟರು ಹೆಚ್ಚು ದಾರಿ ನಡೆದು ಬರಬೇಕು. ಅಷ್ಟು ಅಂತರದಲ್ಲಿ ಒಂದರ ಹಿಂದೊಂದು ಬರುವ ಚಿಕ್ಕ ಸದ್ದುಗಳು ಸೆಕೆಂಡಿಗೆ ಸುಮಾರು 570ರ ಲೆಕ್ಕದಲ್ಲಿ ಕಿವಿಯನ್ನು ಮುಟ್ಟಿದಾಗ ಅವು ಬಿಡಿಬಿಡಿಯಾಗಿ ಕೇಳಿಸದೆ ಒಂದು ಸ್ವರವಾಗುತ್ತವೆ. ಕೈಚಪ್ಪಾಳೆಗೆ ಸ್ವರವಿರಲಿಲ್ಲ; ಮೆಟ್ಟಿಲುಗಳ ಅಂತರ ಅದಕ್ಕೆ ಸ್ವರ ಕೊಟ್ಟಿತು. ಡಚ್ ವಿಜ್ಞಾನಿ ಹೈಗೆನ್ಸ್ 1693ರಲ್ಲಿಯೇ ಫ್ರಾನ್ಸಿನ ಶಾಂತಿಯಿ ಅರಮನೆಯ ಉದ್ಯಾನದಲ್ಲಿ ಇದನ್ನು ಗುರುತಿಸಿದ್ದ. ಅಲ್ಲಿನ ಕಾರಂಜಿಯ ಸದ್ದು ಮೆಟ್ಟಿಲುಗಳಿಗೆ ತಾಗಿ ಸ್ವರವಾಗಿ ಹಿಂದಿರುಗುತ್ತಿತ್ತು. ಅದಕ್ಕೆ ಮೆಟ್ಟಿಲುಗಳ ಸಮ ಅಂತರವೇ ಕಾರಣವೆಂದು ಅವನು ವಿವರಿಸಿದ.

ಸಾಲು ಸ್ವರವನ್ನು ಕೊಡುವುದು ಹೇಗೋ ಸ್ವರವನ್ನು ತಡೆಯುವುದೂ ಹಾಗೆಯೇ. ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ ಎಉಸೇಬಿಯೊ ಸೆಂಪೆರೆ ಎಂಬ ಶಿಲ್ಪಿಯ ಒಂದು ಕೃತಿ ಇದೆ. ಉಕ್ಕಿನ ಟೊಳ್ಳು ಕೊಳವೆಗಳನ್ನು ಹತ್ತು ಹತ್ತು ಸೆಂಟಿಮೀಟರು ಅಂತರದಲ್ಲಿ ಚೌಕಚೌಕವಾಗಿ ನೆಟ್ಟಿರುವ ಶಿಲ್ಪ ಅದು, ಕಣ್ಣಿಗೆಂದು ಮಾಡಿದ್ದು. 1995ರಲ್ಲಿ ಕೆಲವು ವಿಜ್ಞಾನಿಗಳು ಅದರ ಒಂದು ಬದಿಯಿಂದ ಶಬ್ದವನ್ನು ಹಾಯಿಸಿ ಇನ್ನೊಂದು ಬದಿಯಲ್ಲಿ ಅಳೆದು ನೋಡಿದರು. ಸೆಕೆಂಡಿಗೆ ಸುಮಾರು 1,670 ಕಂಪನಗಳ ದನಿ ಆ ಶಿಲ್ಪವನ್ನು ದಾಟುವಾಗ ಬಹಳವಾಗಿ ಕುಗ್ಗಿತ್ತು. ಕಾರಣವನ್ನು ನಾವೇ ಲೆಕ್ಕ ಹಾಕಬಹುದು. ಹತ್ತು ಸೆಂಟಿಮೀಟರಿನ ಎರಡರಷ್ಟು ಇಪ್ಪತ್ತು. ಇಪ್ಪತ್ತು ಸೆಂಟಿಮೀಟರಿನ ಅಲೆಗೆ ಸೆಕೆಂಡಿಗೆ 1,700 ಕಂಪನಗಳು. ಆ ಅಲೆಗೆ ಒಂದೊಂದು ಸಾಲೂ ಕೊಡುವ ಮರುದನಿಗಳು ಉಬ್ಬಿಗೆ ಉಬ್ಬು, ತಗ್ಗಿಗೆ ತಗ್ಗು ಕೂಡಿಬಂದು ಬಲಗೊಳ್ಳುತ್ತವೆ. ಅಲೆ ಮುಂದೆ ಹೋಗಲಾರದೆ ಹಿಂದಿರುಗುತ್ತದೆ. ಉಪ್ಪಿನ ಹರಳಿನಲ್ಲಿ ಪರಮಾಣುಗಳ ಸಾಲುಗಳು ಎಕ್ಸ್-ಕಿರಣಗಳಿಗೆ ಮಾಡುವುದನ್ನು ಇಲ್ಲಿ ಕೊಳವೆಗಳು ದನಿಗೆ ಮಾಡುತ್ತವೆ. ಇಂಥ ರಚನೆಗಳಿಗೆ ‘ಶಬ್ದಸ್ಫಟಿಕ’ ಎಂಬ ಹೆಸರು ಒಪ್ಪುತ್ತದೆ.

ಶಬ್ದಸ್ಫಟಿಕ ತಡೆಯೊಡ್ಡುವುದರಲ್ಲೇ ನಿಲ್ಲುವುದಿಲ್ಲ. 2004ರಲ್ಲಿ ಕೆನಡ ಮತ್ತು ಹಾಂಗ್‌ಕಾಂಗಿನ ವಿಜ್ಞಾನಿಗಳು ಮಿಲಿಮೀಟರಿಗಿಂತ ಚಿಕ್ಕದಾದ ಟಂಗ್‌ಸ್ಟನ್ ಕಾರ್ಬೈಡ್ ಗುಂಡುಗಳನ್ನು ನೀರಿನಲ್ಲಿ ಒಂದರ ಮೇಲೊಂದು ಓರಣವಾಗಿ ಪೇರಿಸಿ ಚಪ್ಪಟೆಯಾದ ಹಲಗೆಯಂತೆ ಮಾಡಿದರು. ಸಂತೆಯಲ್ಲಿ ಕಿತ್ತಳೆ ಹಣ್ಣುಗಳನ್ನು ಪೇರಿಸುವ ಕ್ರಮವೇ ಅದು. ತಕ್ಕ ಕಂಪನಸಂಖ್ಯೆಯ ಶ್ರವಣಾತೀತ ಶಬ್ದ ಒಂದು ಬದಿಯಿಂದ ಹರಡಿಕೊಂಡು ಬಂದು ಅದನ್ನು ಹೊಕ್ಕಿತು. ಇನ್ನೊಂದು ಬದಿಯಲ್ಲಿ ಹೊರಬಿದ್ದು ಒಂದೇ ತಾಣದಲ್ಲಿ ಕೂಡಿಕೊಂಡಿತು. ಮಸೂರಕ್ಕೆ ಇರಬೇಕಾದ ಬಾಗು ಅಲ್ಲಿ ಎಲ್ಲಿಯೂ ಇರಲಿಲ್ಲ. ಗುಂಡುಗಳ ಓರಣವೇ ಮಸೂರದ ಕೆಲಸ ಮಾಡಿತ್ತು.

ಈ ವಿದ್ಯೆಗೆ ಬೆಂಗಳೂರಿನ ನಂಟು ಹಳೆಯದು. 1933ರಲ್ಲಿ ರಾಮನ್ ಅವರು ಕಲ್ಕತ್ತೆಯನ್ನು ಬಿಟ್ಟು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದಕ್ಕೆ ಒಂದು ವರ್ಷ ಮೊದಲು, ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲೂಕಾ ಮತ್ತು ಬಿಕಾರ್ ಒಂದು ವಿಚಿತ್ರವನ್ನು ಕಂಡಿದ್ದರು. ಪಾರದರ್ಶಕವಾದ ದ್ರವದಲ್ಲಿ ಶ್ರವಣಾತೀತ ಶಬ್ದವನ್ನು ಎಬ್ಬಿಸಿ, ಅದಕ್ಕೆ ಅಡ್ಡಲಾಗಿ ಬೆಳಕಿನ ಕಿರಣವನ್ನು ಹಾಯಿಸಿದರೆ ಆಚೆಯ ತೆರೆಯ ಮೇಲೆ ಒಂದು ಚುಕ್ಕಿಯ ಬದಲು ಚುಕ್ಕಿಗಳ ಸಾಲೇ ಮೂಡುತ್ತಿತ್ತು. ಶಬ್ದ ಹೆಚ್ಚಿಸಿದಂತೆ ಕೆಲವು ಚುಕ್ಕಿಗಳು ಬೆಳಗುತ್ತಿದ್ದವು, ಕೆಲವು ಮಂಕಾಗುತ್ತಿದ್ದವು. ನಟ್ಟನಡುವಿನ ಚುಕ್ಕಿಯೇ ಕಾಣೆಯಾಗಿ ಮತ್ತೆ ತೋರುವುದೂ ಉಂಟು. ರಾಮನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಎನ್. ಎಸ್. ನಾಗೇಂದ್ರನಾಥ್ 1935 ಮತ್ತು 1936ರಲ್ಲಿ ಬರೆದ ಲೇಖನಮಾಲೆಯಲ್ಲಿ ಇದಕ್ಕೆ ವಿವರಣೆ ದೊರೆಯಿತು. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಆ ಲೇಖನಗಳು ಅಚ್ಚಾದವು.

ಅವರ ವಿವರಣೆಯ ತಿರುಳು ಸರಳವಾದುದು. ಶಬ್ದ ಸಾಗುವಾಗ ದ್ರವದಲ್ಲಿ ಒತ್ತಾದ ಪದರ, ಸಡಿಲವಾದ ಪದರ, ಮತ್ತೆ ಒತ್ತಾದ ಪದರ ಹೀಗೆ ಸಮ ಅಂತರದ ಸಾಲು ಹುಟ್ಟುತ್ತದೆ. ಒತ್ತಾದ ಪದರದಲ್ಲಿ ಬೆಳಕು ತುಸು ಹಿಂದೆ ಬೀಳುತ್ತದೆ. ಸಡಿಲವಾದುದರಲ್ಲಿ ತುಸು ಮುಂದಾಗುತ್ತದೆ. ಮಟ್ಟಸವಾಗಿ ಒಳಹೊಕ್ಕ ಬೆಳಕಿನ ಅಲೆ ಹೊರಬರುವಾಗ ಸುಕ್ಕುಸುಕ್ಕಾದ ತಗಡಿನಂತೆ ಏರಿಳಿತಗಳನ್ನು ಪಡೆದಿರುತ್ತದೆ. ಆ ಸುಕ್ಕೇ ಚುಕ್ಕಿಗಳ ಸಾಲಿಗೆ ಕಾರಣ. ಸುಕ್ಕಿನ ಆಳವೇ ಯಾವ ಚುಕ್ಕಿ ಬೆಳಗಬೇಕು, ಯಾವುದು ಆರಬೇಕು ಎಂಬುದನ್ನು ಗೊತ್ತುಮಾಡುತ್ತದೆ. ಲೋಕದ ಪಠ್ಯಪುಸ್ತಕಗಳು ಇಂದಿಗೂ ಇದನ್ನು ರಾಮನ್–ನಾಥ್ ಸಿದ್ಧಾಂತ ಎನ್ನುತ್ತವೆ. ಇಲ್ಲಿ ಶಬ್ದವೇ ಸಾಲಾಗಿ ನಿಂತು ಬೆಳಕನ್ನು ಚದರಿಸಿತು. ಕಲ್ಲಿನ ಸಾಲು, ಉಕ್ಕಿನ ಸಾಲು, ಒತ್ತಡದ ಸಾಲು, ಯಾವುದಾದರೂ ಸರಿ. ಅಂತರ ಸಮವಾಗಿದ್ದು, ಅಲೆಯ ಅಳತೆಗೆ ಹೊಂದಿಕೊಂಡಿದ್ದರೆ ಅಲೆ ಅದರ ಮಾತು ಕೇಳುತ್ತದೆ.

ಆ ಸಂಸ್ಥೆಯಿಂದ ಪೂರ್ವಕ್ಕೆ ಕೆಲವೇ ಹರದಾರಿ ದೂರದಲ್ಲಿದೆ ವೈಟ್‌ಫೀಲ್ಡ್. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೊಟ್ಟರು. ಸಂಘದ ಮುಖಂಡ ವೈಟ್ ಅವರ ಹೆಸರು ಊರಿಗೆ ನಿಂತಿತು. ಬೇಸಾಯದ ಆ ವಸತಿಯ ಸುತ್ತ ಇಪ್ಪತ್ತನೆಯ ಶತಮಾನದ ಕೊನೆಗೆ ಕೈಗಾರಿಕೆಗಳೂ ಗಣಕಯಂತ್ರದ ಕಚೇರಿಗಳೂ ಎದ್ದವು. ವಿಪ್ರೊ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗಳು 1990ರಲ್ಲಿ ಕೂಡಿ ಕಟ್ಟಿದ ವೈದ್ಯಕೀಯ ಉಪಕರಣಗಳ ಕಂಪನಿಗೆ ಕಾಡುಗೋಡಿಯ ಕೈಗಾರಿಕಾ ಪ್ರದೇಶ ನೆಲೆಯಾಯಿತು. 2000ದಲ್ಲಿ ಜನರಲ್ ಎಲೆಕ್ಟ್ರಿಕ್ ತನ್ನ ಸಂಶೋಧನಾ ಕೇಂದ್ರವನ್ನೂ ವೈಟ್‌ಫೀಲ್ಡಿನಲ್ಲಿ ತೆರೆಯಿತು. ಹೀಗೆ ನಮ್ಮ ಊರೂರುಗಳ ಆಸ್ಪತ್ರೆಗಳಲ್ಲಿ ‘ಸ್ಕ್ಯಾನಿಂಗ್’ ಎಂದು ಹೆಸರಾದ ಶ್ರವಣಾತೀತ ಶಬ್ದದ ಯಂತ್ರ ಬೆಂಗಳೂರಿನಲ್ಲಿಯೇ ಸಿದ್ಧವಾಗತೊಡಗಿತು.

ಆ ಯಂತ್ರದಲ್ಲಿ ವೈದ್ಯರು ಕೈಯಲ್ಲಿ ಹಿಡಿದು ರೋಗಿಯ ಮೈಮೇಲೆ ಆಡಿಸುವ ಭಾಗವಿದೆಯಲ್ಲ, ಅದರ ಬಾಯಲ್ಲಿ ಅಡಗಿರುವುದೂ ಒಂದು ಸಾಲೇ. ಕೆಲವು ಪದಾರ್ಥಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು. ಅದೇ ಪದಾರ್ಥಕ್ಕೆ ವಿದ್ಯುತ್ತು ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತದೆ, ಶಬ್ದ ಎಬ್ಬಿಸುತ್ತದೆ. ಇಂಥ ಪದಾರ್ಥದ ಬಿಲ್ಲೆಯನ್ನು ಸೂಕ್ಷ್ಮವಾದ ಗರಗಸದಿಂದ ಸೀಳಿ ನೂರಾರು ಕಡ್ಡಿಗಳನ್ನಾಗಿ ಮಾಡಿರುತ್ತಾರೆ. ಸಾಮಾನ್ಯವಾಗಿ 128 ಅಥವಾ 192. ಒಂದೊಂದು ಕಡ್ಡಿಗೂ ಪ್ರತ್ಯೇಕವಾದ ತಂತಿ. ಒಂದೇ ಕಡ್ಡಿ ದನಿ ಮಾಡಿದರೆ ಆ ದನಿ ಎಲ್ಲ ಕಡೆಗೂ ಹರಡಿ ಹೋಗುತ್ತದೆ. ಸಾಲಿನ ಕಡ್ಡಿಗಳೆಲ್ಲ ಲೆಕ್ಕವಿಟ್ಟು ದನಿ ಮಾಡಿದರೆ ಅದು ನಾವು ಹೇಳಿದ ಕಡೆಗೆ ಹೋಗುತ್ತದೆ, ಹೇಳಿದ ಬಿಂದುವಿನಲ್ಲಿ ಕೂಡುತ್ತದೆ.

ಆ ಲೆಕ್ಕ ಯಾವುದು? ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಸಾಲಿನ ನಡುವಿಗೆ ನೇರವಾಗಿ ಎದುರಿಗಿರುವ ಧ್ವಜಸ್ತಂಭವನ್ನು ಎಲ್ಲರೂ ಒಂದೇ ಗಳಿಗೆಯಲ್ಲಿ ಮುಟ್ಟಬೇಕೆಂದು ಹೇಳಿದರೆ ಏನು ಮಾಡಬೇಕು? ನಡಿಗೆಯ ವೇಗ ಒಂದೇ ಆದ್ದರಿಂದ ಅಂಚಿನವರು ಮೊದಲು ಹೊರಡಬೇಕು, ನಡುವಿನವರು ಕಡೆಗೆ. ಕಡ್ಡಿಗಳಿಗೂ ಅದೇ ಪಾಠ. ಎರಡು ಸೆಂಟಿಮೀಟರು ಉದ್ದದ ಸಾಲು ಐದು ಸೆಂಟಿಮೀಟರು ಆಳದ ಬಿಂದುವಿಗೆ ಶಬ್ದವನ್ನು ಕೂಡಿಸಬೇಕಾದರೆ, ನಡುವಿನ ಕಡ್ಡಿಯ ದಾರಿಗಿಂತ ಅಂಚಿನ ಕಡ್ಡಿಯ ದಾರಿ ಒಂದು ಮಿಲಿಮೀಟರಿನಷ್ಟು ಹೆಚ್ಚು. ಆ ಒಂದು ಮಿಲಿಮೀಟರು ಸಾಗಲು ಶಬ್ದಕ್ಕೆ ಬೇಕಾದ ಕಾಲ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ಮೂರನೆಯ ಎರಡು ಭಾಗ. ಅಷ್ಟು ಮುಂಚಿತವಾಗಿ ಅಂಚಿನ ಕಡ್ಡಿ ಮಿಡಿಯಬೇಕು. ಉಳಿದವು ತಮ್ಮ ತಮ್ಮ ಸ್ಥಾನಕ್ಕೆ ತಕ್ಕಂತೆ. ಮರುದನಿಯನ್ನು ಕೇಳುವಾಗಲೂ ಇದೇ ಲೆಕ್ಕ: ತಡವಾಗಿ ಬಂದುದನ್ನು ಮೊದಲೇ ಬಂದುದಕ್ಕೆ ಹೊಂದಿಸಿ ಕೂಡುತ್ತಾರೆ. ಐದು ಸೆಂಟಿಮೀಟರು ಆಳದಿಂದ ಮರುದನಿ ಬರಲು ಸೆಕೆಂಡಿನ ಹತ್ತು ಲಕ್ಷದ 65 ಪಾಲು ಸಾಕು. ಯಂತ್ರ ಈ ಕಾಲವನ್ನು ಆಳವೆಂದು ಓದಿಕೊಂಡು, ದಿಕ್ಕನ್ನು ಬದಲಿಸುತ್ತ, ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ.

ಕೈಯಾಡಿಸದೆ, ಲೆಕ್ಕ ಬದಲಿಸಿದಷ್ಟರಿಂದಲೇ ಶಬ್ದದ ಪುಂಜವನ್ನು ಓರೆಯಾಗಿ ತಿರುಗಿಸುವ ಉಪಾಯವನ್ನು 1968ರಲ್ಲಿ ಹಾಲೆಂಡಿನ ಸೋಮರ್ ವೈದ್ಯಕೀಯಕ್ಕೆ ತಂದರು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಥರ್ಸ್ಟನ್ ಮತ್ತು ಫಾನ್ ರ‍್ಯಾಮ್ ಅದನ್ನು ಹೃದಯಕ್ಕೆ ಅಳವಡಿಸಿದರು. ಹೃದಯ ಪಕ್ಕೆಲುಬುಗಳ ಪಂಜರದೊಳಗಿದೆ; ಮೂಳೆ ಶಬ್ದವನ್ನು ಬಿಡುವುದಿಲ್ಲ. ಎರಡು ಎಲುಬುಗಳ ನಡುವಣ ಕಿರಿದಾದ ಸಂದಿಯೇ ಕಿಟಕಿ. ಆ ಕಿಟಕಿಗೆ ಹಿಡಿಸುವಷ್ಟು ಚಿಕ್ಕ ಸಾಲನ್ನು ಇಟ್ಟು, ಒಳಗೆ ಪುಂಜವನ್ನು ಬೀಸಣಿಗೆಯಂತೆ ಬೀಸಿದರೆ ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ಕಣ್ಣಾರೆ ಕಾಣಬಹುದು. ಎದೆ ಕೊಯ್ಯದೆ ಹೃದಯವನ್ನು ನೋಡುವುದು ಹಿಂದಿನವರಿಗೆ ಕನಸು. ವೈಟ್‌ಫೀಲ್ಡಿನಲ್ಲಿಯೇ 2001ರಲ್ಲಿ ಪ್ರಾರಂಭವಾದ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಹೃದಯ ಚಿಕಿತ್ಸೆ ಪಡೆಯಲು ಬರುವವರಿಗೂ ಅದು ನಿತ್ಯದ ಪರೀಕ್ಷೆ.

ಇನ್ನು ಸಾಲಿನ ದೋಷದ ಮಾತು. ಶಬ್ದವನ್ನು ಒಂದೆಡೆ ಕೂಡಿಸುವ ಅದೇ ಕ್ರಮ ಬೇಡದ ಕಡೆಗೂ ಕೂಡಿಸಬಲ್ಲುದು. ಕಡ್ಡಿಗಳ ನಡುವಣ ಅಂತರ ತರಂಗದೂರಕ್ಕಿಂತ ಹೆಚ್ಚಾದರೆ, ನೇರ ದಿಕ್ಕಿನಲ್ಲಿ ಅಲೆಗಳು ಹೊಂದಿಬರುವಂತೆಯೇ ಓರೆಯ ದಿಕ್ಕೊಂದರಲ್ಲಿಯೂ ಹೊಂದಿಬರುತ್ತವೆ: ಪಕ್ಕದ ಕಡ್ಡಿಯ ಅಲೆ ಸರಿಯಾಗಿ ಒಂದು ಅಲೆಯಷ್ಟು ಹಿಂದಿದ್ದರೂ ಉಬ್ಬಿಗೆ ಉಬ್ಬು ಕೂಡಿದಂತೆಯೇ ತಾನೆ? 0.44 ಮಿಲಿಮೀಟರಿನ ಅಲೆಗೆ ಅರ್ಧ ಮಿಲಿಮೀಟರು ಅಂತರದ ಸಾಲನ್ನು ಬಳಸಿದರೆ ಸುಮಾರು 60 ಡಿಗ್ರಿ ಓರೆಯಲ್ಲಿ ಇಂಥ ಹುಸಿಪುಂಜ ಹೊರಡುತ್ತದೆ. ಅಲ್ಲಿಂದ ಬಂದ ಮರುದನಿಯನ್ನು ಯಂತ್ರ ನೇರವಾಗಿ ಬಂದುದೆಂದೇ ತಿಳಿಯುತ್ತದೆ. ಪರಿಣಾಮವಾಗಿ ಇಲ್ಲದ ಪೊರೆ ಚಿತ್ರದಲ್ಲಿ ಕಾಣುತ್ತದೆ; ನೀರು ತುಂಬಿದ ಕಪ್ಪು ತಾಣದಲ್ಲಿ ಮಸುಕು ನೆರಳು ತೇಲುತ್ತದೆ. ಮಹಾಪಧಮನಿಯ ಒಳಗೆ ಇಂಥ ಹುಸಿಗೆರೆ ಮೂಡಿದರೆ ರಕ್ತನಾಳದ ಪದರ ಸೀಳಿದೆಯೆಂದು ಶಂಕಿಸಬೇಕಾಗುತ್ತದೆ. ಅದು ಪ್ರಾಣಾಪಾಯದ ರೋಗ. ಆದ್ದರಿಂದ ಪುಂಜವನ್ನು ಓರೆಯಾಗಿ ತಿರುಗಿಸುವ ಸಾಲುಗಳಲ್ಲಿ ಕಡ್ಡಿಗಳ ಅಂತರ ತರಂಗದೂರದ ಅರ್ಧವನ್ನು ಮೀರಬಾರದೆಂಬ ನಿಯಮವಿದೆ. ನಮ್ಮ ಉದಾಹರಣೆಯಲ್ಲಿ ಅದು 0.22 ಮಿಲಿಮೀಟರು, ಸುಮಾರು ಮೂರು ತಲೆಗೂದಲುಗಳನ್ನು ಪಕ್ಕಪಕ್ಕಕ್ಕೆ ಇಟ್ಟಷ್ಟು. ಇದರ ಜೊತೆಗೆ ಅಂಚಿನ ಕಡ್ಡಿಗಳನ್ನು ತುಸು ಮೆಲ್ಲಗೆ ಮಿಡಿಯಿಸಿ, ಪುಂಜದ ಬದಿಗೆ ಸೋರುವ ಚಿಕ್ಕ ಪುಂಜಗಳನ್ನೂ ತಗ್ಗಿಸುತ್ತಾರೆ. ಇಷ್ಟು ಮಾಡಿದ ಮೇಲೆಯೂ ಉಳಿಯುವ ಹುಸಿಯನ್ನು ಗುರುತಿಸಬೇಕಾದುದು ಪಳಗಿದ ಕಣ್ಣು. ಸಂಶಯ ಬಂದಾಗ ವೈದ್ಯರು ಕೋನ ಬದಲಿಸಿ ನೋಡುತ್ತಾರೆ. ನಿಜವಾದುದು ತನ್ನ ಸ್ಥಾನದಲ್ಲಿ ನಿಲ್ಲುತ್ತದೆ, ಹುಸಿ ಜಾರಿಕೊಳ್ಳುತ್ತದೆ.

ಸಾಲಿನ ಇನ್ನೊಂದು ಉಪಯೋಗ ಬಹುಮಂದಿಯ ಜೇಬಿನಲ್ಲಿದೆ. 1965ರಲ್ಲಿ ಅಮೆರಿಕದ ರಿಚರ್ಡ್ ವೈಟ್ ಮತ್ತು ವೋಲ್ಟ್‌ಮರ್ ಹರಳಿನ ಮೇಲ್ಮೈಯಲ್ಲಿ ಬಾಚಣಿಗೆಯಂತಹ ಲೋಹದ ಗೆರೆಗಳನ್ನು ಮೂಡಿಸಿ, ಅವುಗಳಿಂದ ಆ ಮೇಲ್ಮೈಯಲ್ಲಿ ಶಬ್ದದ ಅಲೆಗಳನ್ನು ಎಬ್ಬಿಸಿದರು. ಗೆರೆಗಳ ಅಂತರಕ್ಕೆ ಹೊಂದುವ ಕಂಪನ ಮಾತ್ರ ಉಳಿಯುತ್ತದೆ, ಮಿಕ್ಕವು ಅಳಿಯುತ್ತವೆ. ಮೊಬೈಲು ದೂರವಾಣಿ ಸಾವಿರಾರು ಸಂಕೇತಗಳ ನಡುವೆ ತನ್ನದನ್ನು ಆರಿಸಿಕೊಳ್ಳಲು ಇಂಥ ಬಾಚಣಿಗೆಗಳು ನೆರವಾಗುತ್ತವೆ.

ಮತ್ತೆ ಸ್ಕ್ಯಾನಿಂಗ್ ಯಂತ್ರಕ್ಕೆ ಬರೋಣ. ಪುಂಜವನ್ನು ತಿರುಗಿಸುವ ಕೆಲಸವನ್ನು ಮೋಟಾರು ಬಿಟ್ಟು ಲೆಕ್ಕ ವಹಿಸಿಕೊಂಡಿತು. ಲೆಕ್ಕ ಮಾಡುವ ವಿದ್ಯುನ್ಮಾನ ವರ್ಷದಿಂದ ವರ್ಷಕ್ಕೆ ಚಿಕ್ಕದಾಯಿತು. ಒಂದು ಕೋಣೆಯಲ್ಲಿ ನೆಲೆಯೂರಿದ್ದ ಯಂತ್ರ ಕೈಚೀಲಕ್ಕೆ ಇಳಿಯಿತು. ಹಳ್ಳಿಯ ಬಾಣಂತಿಗೆ, ಅಪಘಾತದಲ್ಲಿ ಗಾಯಗೊಂಡವನಿಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ಗರ್ಭದಲ್ಲಿರುವ ಮಗುವಿನ ಮೇಲೆ ಶಬ್ದ ಕೂಡಿಕೊಂಡಾಗ ಹಿಂದಿರುಗುವ ಮರುದನಿಯಲ್ಲಿ ಮಗುವಿನ ಎದೆಬಡಿತದ ಸುದ್ದಿಯೂ ಇದೆ, ಅದು ಹೆಣ್ಣೋ ಗಂಡೋ ಎಂಬ ಸುದ್ದಿಯೂ ಇದೆ. ಎರಡನೆಯ ಸುದ್ದಿಯನ್ನು ಹೇಳಬಾರದೆಂದು 1994ರಲ್ಲಿ ದೇಶ ಕಾನೂನು ಮಾಡಿತು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಬಿಗಿಮಾಡಿತು. ನೋಂದಣಿಯಿಲ್ಲದೆ ಯಂತ್ರವನ್ನು ಇಡುವಂತಿಲ್ಲ, ನೋಂದಣಿಯಿಲ್ಲದವರಿಗೆ ಮಾರುವಂತಿಲ್ಲ. ಆದರೂ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಗಳಿಗೆ ಎಷ್ಟು ಹೆಣ್ಣುಗಳೆಂದು ಜನಗಣತಿ ಕೊಟ್ಟ ಅಂಕಿಗಳು ಇವು: ದೇಶದಲ್ಲಿ 1991ರಲ್ಲಿ 945, 2001ರಲ್ಲಿ 927, 2011ರಲ್ಲಿ 918. 2023ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಒಂದು ಜಾಲದ ತನಿಖೆ ನಡೆದಾಗ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತೆಂಬ ವಿಷಯ ಹೊರಬಿತ್ತು. ಬೆಲ್ಲ ಕಾಯಿಸುವ ಆಲೆಮನೆಗೆ ಇಂಥ ಯಂತ್ರ ಹೋಗಿ ಕೂರಬೇಕಾದರೆ ಅದು ಎಷ್ಟು ಹಗುರವಾಗಿರಬೇಕು, ಅದನ್ನು ಒಯ್ದವರ ಮನಸ್ಸು ಎಷ್ಟು ಭಾರವಾಗಿರಬೇಕಿತ್ತು ಎಂದು ಕೇಳುಗರೇ ಯೋಚಿಸಬಹುದು.

ಅಲೆ ಕುರುಡು. ಸಾಲು ಹೇಳಿದಂತೆ ಹೋಗುತ್ತದೆ, ತಾಗಿದ್ದನ್ನು ತಾಗಿದಂತೆ ತಂದು ಒಪ್ಪಿಸುತ್ತದೆ. ಹುಸಿಪುಂಜ ಹುಟ್ಟದಂತೆ ಕಡ್ಡಿಗಳ ಅಂತರವನ್ನು ಕೂದಲೆಳೆಯ ಲೆಕ್ಕದಲ್ಲಿ ಕಾಯುವ ವಿದ್ಯೆ ನಮಗೆ ಒಲಿದಿದೆ. ಯಂತ್ರ ತಂದ ಸುದ್ದಿಯಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ತಡೆಹಿಡಿಯಬೇಕು ಎಂಬ ವಿವೇಕವನ್ನೂ ಅಷ್ಟೇ ಎಚ್ಚರದಿಂದ ಕಾದುಕೊಳ್ಳುವ ಹೊಣೆ ವೈದ್ಯರದು, ಮಾರುವವರದು, ಬಾಗಿಲಲ್ಲಿ ಕಾದು ನಿಲ್ಲುವ ಮನೆಯವರದು ಕೂಡ.